ಟವೆಲ್ಲಿನ ಅಡಿಯ ಬೆಲೆ

ಮಲಪ್ರಭೆಯ ದಂಡೆಯ ಮಠದಲ್ಲಿ ಗುರುಪಾದಜ್ಜ ಎಂಬ ಗುರುಗಳಿದ್ದರು. ಮಠಕ್ಕೆ ಬರುವ ಮೊದಲು ಅವರು ದನದ ದಲ್ಲಾಳಿ, ಅದನ್ನೇನೂ ಮುಚ್ಚಿಟ್ಟವರಲ್ಲ.

ಶಿಷ್ಯ ಶಂಕ್ರೆಪ್ಪ ನಿವೃತ್ತ ಬಸ್ ಕಂಡಕ್ಟರ್. ಒಂದು ಮುಂಜಾನೆ ಮೊಬೈಲು ಹಿಡಿದುಕೊಂಡೇ ಬಂದು ಕಾಲಿಗೆ ಬಿದ್ದ.

"ಅಜ್ಜಾರ, ನಿವೃತ್ತಿ ರೊಕ್ಕ ಅಷ್ಟೂ ನಾಲ್ಕು ಕಂಪನಿ ಶೇರಿಗೆ ಹಾಕೀನಿ. ಮುಪ್ಪಿಗೆ ಅಂತ ಇದ್ದದ್ದು ಅದೊಂದ. ದಿನಾ ಇಳ್ಯಾಕತ್ತೈತಿ. ಮಾರ್ಲ್ಯೋ, ಇಟ್ಗೊಳ್ಳಲ್ಯೋ?"

"ಎಂಥಾ ಕಂಪನಿ?"

"ಮಧ್ಯಮ ಗಾತ್ರದ್ದು ರೀ. ಸಣ್ಣೂನೂ ಅಲ್ಲ, ದೊಡ್ಡೂನೂ ಅಲ್ಲ."

"ಅಂದ್ರ ಕಡಸು. ಕರುನೂ ಅಲ್ಲ, ಹಾಲು ಕೊಡೋ ಆಕಳೂ ಅಲ್ಲ. ನಮ್ಮ ಕೊಟ್ಟಿಗ್ಯಾಗೂ ಒಂದೈತಿ. ಎಂಟು ದಿನ ಅದರ ಚಾಕರಿ ಮಾಡು, ಆಮ್ಯಾಲ ಹೇಳ್ತೀನಿ."

ಕೇಳಿದ್ದೊಂದು, ಸಿಕ್ಕಿದ್ದೊಂದು. ಶಂಕ್ರೆಪ್ಪ ಸಗಣಿ ಬುಟ್ಟಿ ಹಿಡಿದ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಅಡಿ ಬೆರಳು ಹಿಡಿದು ತಿಳಿಸುತ್ತಾರೆ. ಅಜ್ಜ ದಿನಾ ಮುಂಜಾನೆ ಕೊಟ್ಟಿಗೆಗೆ ಬಂದು ಶಿಷ್ಯನ ಕೈ ಮೇಲೆ ಟವೆಲ್ ಹಾಸುವರು, ಕಡಸಿಗೆ ಅಂದಿನ ಬೆಲೆ ಕಟ್ಟುವರು. ಸೋಮವಾರ ಮೂರು ಬೆರಳು, ಅಂದರೆ ಮೂವತ್ತು ಸಾವಿರ. ಮಂಗಳವಾರ ಎರಡು. ಗುರುವಾರ ಒಂದೇ ಬೆರಳು. ಕಡಸು ತನ್ನದಲ್ಲದಿದ್ದರೂ ಶಂಕ್ರೆಪ್ಪ ಅವತ್ತು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಎಂಟನೆಯ ದಿನ ಅಜ್ಜ ನಾಲ್ಕು ಬೆರಳು ಹಿಡಿದರು.

"ನಲವತ್ತು! ಮಾರಿಬಿಡ್ರಿ ಅಜ್ಜಾರ!"

"ಕಡಸು ಹೆಂಗೈತಿ?"

"ಈಗಷ್ಟ ನೀವ ಹೇಳಿದ್ರಲ್ರೀ, ನಲವತ್ತು ಅಂತ."

"ಅದು ನನ್ನ ಬೆರಳಿನ ಮಾತು. ನಾ ಕೇಳಿದ್ದು ಕಡಸಿಂದು."

ಶಂಕ್ರೆಪ್ಪ ತಿರುಗಿ ನೋಡಿದ. ಕಡಸು ಹಿಂದಿನ ಎಡಗಾಲನ್ನು ನೆಲಕ್ಕೆ ಊರದೆ ನಿಂತಿತ್ತು. ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು, ಸುತ್ತ ಬಾವು.

"ಯಾವಾಗ ನಟ್ಟಿತೋ ಗೊತ್ತ ಇಲ್ಲರಿ," ಎಂದ. ಅವನಿಗೆ ನಾಚಿಕೆಯಾಯಿತು.

"ಒಳಗ ಕಾಲಿಡೂದ್ರಾಗ ನನಗ ಕಂಡಿತು. ನೀ ನನ್ನ ಟವೆಲ್ ನೋಡ್ಕೋತ ನಿಂತಿದ್ದಿ. ಗುರುವಾರ ಒಂದ ಬೆರಳು ಹಿಡಿದೆನಲ್ಲ, ಅವತ್ತು ಇದು ಜಿಗಿದಾಡ್ತಿತ್ತು. ಅದನ್ನೂ ನೀ ನೋಡ್ಲಿಲ್ಲ."

ಇಬ್ಬರೂ ಸೇರಿ ಕಡಸಿನ ಕಾಲೆತ್ತಿ ಹಿಡಿದು ಮುಳ್ಳು ಕಿತ್ತು ಅರಿಶಿನ ಮೆತ್ತಿದರು.

"ಹಂಗಾದ್ರ ಶೇರು ಮಾರ್ಲ್ಯೋ, ಬ್ಯಾಡೋ?" ಶಂಕ್ರೆಪ್ಪ ಪಟ್ಟು ಬಿಡಲಿಲ್ಲ.

"ಆ ನಾಲ್ಕು ಕಂಪನಿ ಏನೇನು ಮಾಡ್ತಾವ?"

ಒಂದು ನೀರಿನ ಪೈಪು ಮಾಡುತ್ತದೆ ಎಂದು ಶಂಕ್ರೆಪ್ಪ ಎಲ್ಲೋ ಕೇಳಿದ್ದ. ಉಳಿದ ಮೂರರ ಹೆಸರಷ್ಟೇ ಗೊತ್ತಿತ್ತು. ಅವನು ಮೊಬೈಲು ತೆಗೆದು ತಡಕಾಡತೊಡಗಿದ.

ಅಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹೋಗು. ಮೊದಲು ನಾಲ್ಕರದೂ ಕಾಲೆತ್ತಿ ನೋಡಿ ಬಾ."