ಜವರನ ಗಡಿಗೆ

ಒಂದು ಕಾಡಿನಲ್ಲಿ, ಹೊಳೆ ಎರಡು ಕವಲಾಗುವ ಕಡೆ, ಒಂದು ಕಲ್ಲುಗವಿ ಇತ್ತು. ಅದರಲ್ಲಿ ಮಾದಕ್ಕ ಅನ್ನೋ ಕರಡಿ ತನ್ನ ಮರಿ ಚೆಲ್ವಿಯ ಜೊತೆ ವಾಸವಾಗಿದ್ದಳು. ಮಾದಕ್ಕನ ಕಸುಬು ಜೇನು ಇಳಿಸುವುದು. ಆ ಕಾಡಿನಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಜೇನು ಹೋಗುತ್ತಿದ್ದದ್ದು ಅವಳ ಗವಿಯಿಂದಲೇ.

ಇವರ ಜೊತೆ ಒಂದು ನಾಯಿಯೂ ಇತ್ತು. ಕಾಡಿನಲ್ಲಿ ನಾಯಿಗೇನು ಕೆಲಸ ಅಂತ ಕೇಳಬೇಡಿ, ಹೇಳುತ್ತೇನೆ. ಊರಿನವರು ಯಾರೋ ಪುಣ್ಯಾತ್ಮರು ಕಣ್ಣು ಬಿಡದ ಮರಿಯನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಗೆ ಎಸೆದಿದ್ದರು. ಚೀಲ ತೇಲಿ ಬಂದು ಬಿದಿರು ಮೆಳೆಗೆ ಸಿಕ್ಕಿಕೊಂಡಿತ್ತು. ಮಾದಕ್ಕ ಹಲ್ಲಿನಿಂದ ಚೀಲ ಹರಿದು ಮರಿಯನ್ನು ಈಚೆ ತೆಗೆದಳು. ಎದೆಯ ಕೂದಲಲ್ಲಿ ಹುದುಗಿಸಿಕೊಂಡು ಬೆಚ್ಚಗೆ ಮಾಡಿದಳು. ಜವರ ಅಂತ ಹೆಸರಿಟ್ಟು ಸಾಕಿದಳು.

ಜವರನಿಗೆ ಅಂತಲೇ ಒಂದು ಮಣ್ಣಿನ ಗಡಿಗೆ ಇತ್ತು. ಬೆಳಗ್ಗೆ ಎದ್ದ ಕೂಡಲೇ ಮಾದಕ್ಕ ಒಲೆ ಹೊತ್ತಿಸಿ ಅದರಲ್ಲಿ ಬಿದಿರಕ್ಕಿ ಬೇಯಿಸುವಳು. ಅದಕ್ಕೆ ಕುಂಬಳಕಾಯಿ ಹೋಳು, ಮುಳ್ಳು ಬಿಡಿಸಿದ ಹೊಳೆಮೀನು, ಸಿಕ್ಕಿದ ದಿನ ಕಾಡುಕೋಳಿ ಮೊಟ್ಟೆ ಹಾಕುವಳು. ಉಪ್ಪು ಮುಟ್ಟಿಸುತ್ತಿರಲಿಲ್ಲ. ಮೊದಲು ತಾನು ಬಾಯಿಗಿಟ್ಟು ನೋಡಿ, ಬಿಸಿ ಆರಿದೆ ಅಂತ ಗೊತ್ತಾದ ಮೇಲೆ ಅವನ ಮುಂದೆ ಇಡುವಳು. ಅವನು ಉಂಡು ಮುಗಿಸೋ ತನಕ ಪಕ್ಕದಲ್ಲೇ ಕೂರುವಳು. ಕೈ ಅವನ ಬೆನ್ನ ಮೇಲೇ ಇರುತ್ತಿತ್ತು. ಉಣ್ಣಿ ಇದ್ದರೆ ಕೀಳುವಳು, ಕಿವಿ ಮಡಚಿ ನೋಡುವಳು, ಪಕ್ಕೆ ಸವರಿ ಮೈ ತುಂಬಿದೆಯೋ ಇಳಿದಿದೆಯೋ ತಿಳಿದುಕೊಳ್ಳುವಳು. ಜವರ ಮಾತಾಡುತ್ತಿದ್ದದ್ದೂ ಆಗಲೇ. ಕಾಲಿಗೆ ಮುಳ್ಳು ಚುಚ್ಚಿದ್ದು, ಹೊಟ್ಟೆ ನೋವಾದದ್ದು, ಮಂಗಗಳು ಚೇಷ್ಟೆ ಮಾಡಿದ್ದು, ಎಲ್ಲ ಆ ಹೊತ್ತಿನಲ್ಲಿ ಹೇಳುವನು. ಬೇರೆ ಹೊತ್ತಿನಲ್ಲಿ ಅವನ ಬಾಯಿಂದ ಒಂದು ಮಾತು ಹೊರಡಿಸೋದೂ ಕಷ್ಟ.

ಅವನ ಮೂಗು ಅಂದರೆ ಮೂಗು. ಗವಿಯ ಹಿಂದಿನ ಬಂಡೆ ಸಂದಿಯಲ್ಲಿ ಒಂದು ಮುದಿ ಹೆಬ್ಬಾವು ಇತ್ತು. ಅದಕ್ಕೆ ಚೆಲ್ವಿಯ ಮೇಲೆ ಕಣ್ಣು. ತರಗೆಲೆ ಅಲ್ಲಾಡದ ಹಾಗೆ ಹರಿದು ಬಂದರೂ ಜವರನಿಗೆ ವಾಸನೆ ಹತ್ತಿಬಿಡುತ್ತಿತ್ತು. ಅವನು ಬೊಗಳಿದರೆ ಸಾಕು, ಹಂದಿಗಳು, ಕಡವೆಗಳು, ಮಂಗಗಳು ಎಲ್ಲ ಓಡಿ ಬರುತ್ತಿದ್ದವು. ಹೆಬ್ಬಾವಿಗೆ ಗದ್ದಲ ಆಗಿಬರದು. ಹಿಡಿದದ್ದನ್ನೂ ಬಿಟ್ಟು ಸಂದಿಗೆ ವಾಪಸ್ ಹೋಗುತ್ತಿತ್ತು. ಅದಕ್ಕೇ ಮಾದಕ್ಕ ಮರಿಯನ್ನು ಜವರನಿಗೆ ಒಪ್ಪಿಸಿ ಧೈರ್ಯವಾಗಿ ಜೇನಿಗೆ ಹೋಗುತ್ತಿದ್ದಳು.

ಅದೇ ಕಾಡಿನಲ್ಲಿ ಕೆಂಚಪ್ಪ ಅನ್ನೋ ನರಿ ಇದ್ದ. ಮೈ ಬಗ್ಗಿಸಿ ದುಡಿದವನಲ್ಲ, ಆದರೆ ನಾಲಿಗೆ ಮಾತ್ರ ಬೆಣ್ಣೆ. ಗವಿಯೊಳಗೆ ಸಾಲಾಗಿ ಇಟ್ಟಿದ್ದ, ಜೇನು ತುಂಬಿದ ಸೋರೆಬುರುಡೆಗಳನ್ನು ಕದಿಯೋಕೆ ಎಷ್ಟೋ ಸಲ ಬಂದಿದ್ದ. ಪ್ರತಿ ಸಲವೂ ಜವರನ ಮೂಗಿಗೆ ಸಿಕ್ಕಿಬಿದ್ದು, ಬಾಲ ಮುದುರಿಕೊಂಡು ಓಡಿದ್ದ.

ಆ ವರ್ಷ ಮತ್ತಿ, ಹೊನ್ನೆ, ನೇರಳೆ ಎಲ್ಲ ಒಟ್ಟಿಗೇ ಹೂ ಬಿಟ್ಟವು. ಬಂಡೆಗಳ ತುಂಬ ಜೇನು ಕಟ್ಟಿತು. ಆನೆಗಳ ಮನೆಯಿಂದ ಕರೆ, ಕಡವೆಗಳ ಮನೆಯಿಂದ ಕರೆ. ಮಾದಕ್ಕನಿಗೆ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಟು ಕತ್ತಲಾದ ಮೇಲೆ ಬರತೊಡಗಿದಳು. ಕೆಲವು ದಿನ ಒಲೆಯೇ ಹೊತ್ತಲಿಲ್ಲ. ಹಿಂದಿನ ದಿನದ ತಂಗಳನ್ನೇ ಜವರನ ಮುಂದೆ ಸುರಿದು ಓಡುತ್ತಿದ್ದಳು. ಹಾಗೆ ಓಡುವಾಗ ಅವಳ ಮನಸ್ಸಿಗೆ ಚುರುಕ್ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಓಡುತ್ತಿದ್ದಳು.

ಕೆಂಚಪ್ಪ ಇದನ್ನೆಲ್ಲ ಪೊದೆಯ ಮರೆಯಿಂದ ನೋಡುತ್ತಲೇ ಇದ್ದ. ಒಂದು ದಿನ ದಾರಿಯಲ್ಲಿ ಮಾದಕ್ಕನಿಗೆ ಎದುರಾಗಿ, ಬಹಳ ಮರುಕದಿಂದ ಮಾತಿಗೆ ನಿಂತ.

"ಅಕ್ಕ, ನಿನ್ನ ಕಷ್ಟ ನೋಡೋಕಾಗಲ್ಲ," ಅಂದ. "ನಾಯಿಗೆ ಅಂತ ನಾನು ಉಂಡೆ ಮಾಡ್ತೀನಿ. ಬೇಯಿಸಬೇಕಾಗಿಲ್ಲ, ಆರಿಸಬೇಕಾಗಿಲ್ಲ, ಪಕ್ಕದಲ್ಲಿ ಕೂತು ಕಾಯಬೇಕಾಗಿಯೂ ಇಲ್ಲ. ಬೋಗುಣಿಗೆ ಸುರಿದು ನೀನು ಹೊರಟುಬಿಡಬಹುದು. ಅದಕ್ಕೆ ಬದಲು ಆಗಾಗ ಒಂದು ಬುರುಡೆ ಜೇನು ಕೊಡು, ಸಾಕು."

ಆ ಉಂಡೆ ಎಂಥದು ಅಂತ ಕೇಳಿ. ಹುಲಿ ತಿಂದು ಬಿಟ್ಟ ತೊಗಲು, ಹುಳ ಹಿಡಿದ ಮೂಳೆ, ಉದುರಿದ ಹೊಟ್ಟು, ಎಲ್ಲವನ್ನೂ ಕುಟ್ಟಿ ಪುಡಿ ಮಾಡುತ್ತಿದ್ದ. ಅದಕ್ಕೆ ಕಡವೆಗಳು ನೆಕ್ಕುವ ಉಪ್ಪುಮಣ್ಣನ್ನು ಧಾರಾಳವಾಗಿ ಕಲಸಿ ಬಿಸಿಲಿಗೆ ಒಣಗಿಸುತ್ತಿದ್ದ. ಘಮ ಬರಲಿ ಅಂತ ಮೇಲೊಂದಿಷ್ಟು ಕೊಬ್ಬು ಸವರುತ್ತಿದ್ದ. ಉಪ್ಪಿದ್ದರೆ ಉಂಡೆ ಕೆಡುವುದಿಲ್ಲ. ಉಪ್ಪಿದ್ದರೆ ನಾಯಿ ಇನ್ನೂ ಬೇಕು ಅನ್ನುತ್ತದೆ. ಅಷ್ಟು ಉಪ್ಪು ದಿನಾ ಒಳಗೆ ಹೋದರೆ ನಾಯಿ ಏನಾಗುತ್ತದೆ ಅನ್ನೋದೂ ಆ ಪಾಪಿಗೆ ಗೊತ್ತಿತ್ತು. ಜೇನಿಗೆ ಜೇನೂ ಸಿಗುತ್ತದೆ, ಕಾವಲೂ ಕೆಡುತ್ತದೆ, ಆಮೇಲೆ ಗವಿಯೆಲ್ಲ ತನ್ನದೇ ಅನ್ನೋದು ಅವನ ಲೆಕ್ಕ.

ಅದರಲ್ಲಿ ಏನೇನು ಹಾಕಿದ್ದೀಯ ಅಂತ ಮಾದಕ್ಕ ಕೇಳಲೇ ಇಲ್ಲ. ಎಷ್ಟು ದಿನ ಕೆಡದೆ ಇರುತ್ತೆ ಅಂತ ಮಾತ್ರ ಕೇಳಿದಳು. ಮಳೆಗಾಲದ ತನಕ ಇರುತ್ತೆ ಅಂದ ಕೆಂಚಪ್ಪ. ಅವಳಿಗೆ ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು.

ಜವರ ಉಂಡೆಯನ್ನು ಕರುಂಕುರುಂ ಅಂತ ಕಡಿದು ತಿಂದ. ಬೋಗುಣಿ ನೆಕ್ಕಿ ಇನ್ನೂ ಬೇಕು ಅಂದ. ನೋಡು, ನನ್ನ ಅಡುಗೆಯನ್ನು ಇಷ್ಟು ಆಸೆಪಟ್ಟು ಯಾವತ್ತು ತಿಂದಿದ್ದ ಅಂತ ಮಾದಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗಡಿಗೆಯನ್ನು ತೊಳೆದು ಮೂಲೆಯಲ್ಲಿ ಇಟ್ಟಳು. ಕೆಲವೇ ದಿನಕ್ಕೆ ಅದರೊಳಗೆ ಕಣಜ ಬಂದು ಮಣ್ಣಿನ ಗೂಡು ಕಟ್ಟಿತು.

ಬೆಳಗ್ಗೆ ಅವಳು ಎದ್ದ ಸದ್ದಿಗೆ ಜವರನೂ ಏಳುತ್ತಿದ್ದ. ಹಳೇ ಅಭ್ಯಾಸ. ಬಂದು ತಣ್ಣಗಿನ ಒಲೆಯ ಪಕ್ಕ ಕೂತು ಅವಳ ಮುಖ ನೋಡುತ್ತಿದ್ದ. ಅವಳು ಬೋಗುಣಿಗೆ ಉಂಡೆ ಸುರಿದು, ಅವನನ್ನು ದಾಟಿಕೊಂಡು ಹೊರಟುಹೋಗುತ್ತಿದ್ದಳು. ಅವಳು ಹೋದ ದಾರಿಯನ್ನು ಅವನು ಸ್ವಲ್ಪ ಹೊತ್ತು ನೋಡುತ್ತಿದ್ದ, ಆಮೇಲೆ ಬೋಗುಣಿಗೆ ಬಾಯಿ ಹಾಕುತ್ತಿದ್ದ.

ಹೂವಿನ ಕಾಲ ನಡೆಯುತ್ತಲೇ ಇತ್ತು. ಜವರ ಹೊಳೆಗೆ ಹೋಗಿ ನೀರು ಕುಡಿದು ಬಂದವನು ಮತ್ತೆ ಹೊಳೆಗೆ ಹೋಗುವನು. ಮೈಯ ಕೂದಲು ಕಂತೆಕಂತೆಯಾಗಿ ಉದುರಿತು. ಬಾಯಿ ನಾರತೊಡಗಿತು. ಯಾವಾಗಲೂ ಒದ್ದೆಯಾಗಿರುತ್ತಿದ್ದ ಮೂಗು ಒಣಗಿ ಬಿರುಕು ಬಿಟ್ಟಿತು. ಉಂಡೆಯೂ ಸೇರದಾಯಿತು. ಜವರ ನೀರು ಕುಡಿಯೋದು ಬಿಟ್ಟು ಬೇರೇನೂ ಮಾಡ್ತಿಲ್ಲ ಅಂತ ಚೆಲ್ವಿ ಅಮ್ಮನಿಗೆ ಹೇಳಿದಳು. ಮಾದಕ್ಕ ಬೆನ್ನಿಗೆ ಬುರುಡೆ ಕಟ್ಟಿಕೊಳ್ಳುತ್ತಿದ್ದಳು.

"ಹೂವು ಮುಗೀಲಿ ಮಗಾ," ಅಂದಳು. "ಆಮೇಲೆ ಕೂತು ನೋಡ್ತೀನಿ."

ಹೂವು ಏನು, ಇವತ್ತು ಈ ಮರದ್ದು ಮುಗಿದರೆ ನಾಳೆ ಇನ್ನೊಂದು ಮರದ್ದು. ಮುಗಿಯುವುದು ಯಾವಾಗ, ಕೂರುವುದು ಯಾವಾಗ?

ತನ್ನ ಮೂಗು ಹೋಯಿತು ಅಂತ ಜವರನಿಗೆ ಗೊತ್ತಾಯಿತು. ಹಂದಿ ಬಂದು ಪಕ್ಕದಲ್ಲಿ ನಿಂತರೂ ವಾಸನೆ ಹತ್ತುತ್ತಿರಲಿಲ್ಲ. ಮೂಗಿಲ್ಲದೆ ಕಾಯುವುದು ಹೇಗೆ? ಕೊನೆಗೆ ಒಂದು ದಾರಿ ಮಾಡಿಕೊಂಡ. ಗವಿಯ ಹೊರಗೆ ಬಯಲಿನಲ್ಲಿ ಮಲಗಿ, ಚೆಲ್ವಿಯನ್ನು ತನ್ನ ಮುಂಗಾಲುಗಳ ನಡುವೆ ಕೂರಿಸಿಕೊಂಡ. ತನ್ನ ಮೈಗೆ ತಾಗಿಕೊಂಡೇ ಇರಬೇಕು, ಅಲ್ಲಿಂದ ಏಳಬಾರದು, ಗವಿಯೊಳಗೆ ಒಬ್ಬಳೇ ಹೋಗಬಾರದು ಅಂತ ಅವಳಿಂದ ಮಾತು ತೆಗೆದುಕೊಂಡ. ಇಡೀ ದಿನ ಹಾಗೇ ಕಳೆಯುತ್ತಿದ್ದ. ಮೈಯಲ್ಲಿ ನಡುಕವಿದ್ದರೂ ಕಣ್ಣು ಮುಚ್ಚುತ್ತಿರಲಿಲ್ಲ.

ಹೀಗಿರುವಾಗ ಒಂದು ಮಟಮಟ ಮಧ್ಯಾಹ್ನ ಕೆಂಚಪ್ಪ ಬಂದ. ಮಾದಕ್ಕ ದೂರದ ಬಂಡೆಗೆ ಹೋಗಿದ್ದಳು. ಪರೀಕ್ಷೆ ಮಾಡೋಣ ಅಂತ ಅವನು ಜವರನ ಬೆನ್ನ ಹಿಂದೆಯೇ, ಗಾಳಿ ತನ್ನ ಕಡೆಯಿಂದ ಅವನತ್ತ ಬೀಸುವ ಹಾಗೆ ನಿಂತು ನೋಡಿದ. ಜವರ ತಲೆ ಎತ್ತಲಿಲ್ಲ. ಮುಗೀತು ಇವನ ಕಥೆ ಅಂದುಕೊಂಡು ಕೆಂಚಪ್ಪ ನಗುತ್ತಾ ಗವಿಯೊಳಗೆ ನುಗ್ಗಿದ.

ಜವರ ಬೊಗಳದೆ ಎಷ್ಟು ದಿನವಾಯಿತು ಅಂತ ಗಮನಿಸಿದ್ದು ನರಿಯೊಬ್ಬನೇ ಅಲ್ಲ. ಹೆಬ್ಬಾವೂ ಗಮನಿಸಿತ್ತು. ಅವತ್ತು ಬೆಳಗ್ಗೆಯೇ ಅದು ಹಿಂದಿನ ಸಂದಿಯಿಂದ ಇಳಿದು ಬಂದು, ಜೇನು ಬುರುಡೆಗಳ ಮರೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು. ಮರಿ ಎಂದಾದರೂ ಒಳಗೆ ಬಂದೇ ಬರುತ್ತದೆ ಅಂತ ಕಾಯುತ್ತಿತ್ತು. ಬಂದದ್ದು ಕೆಂಚಪ್ಪ. ಬುರುಡೆಗೆ ಕೈ ಹಾಕಿದವನ ಸೊಂಟಕ್ಕೆ ಹೆಬ್ಬಾವು ಸುತ್ತಿಕೊಂಡಿತು.

"ಜವರಾ, ಬೊಗಳೋ," ಅಂತ ಒಳಗಿನಿಂದ ಕೂಗು ಬಂತು. "ನೀನು ಬೊಗಳಿದರೆ ಇದು ಬಿಟ್ಟುಬಿಡುತ್ತೆ. ಒಂದೇ ಒಂದು ಸಲ ಬೊಗಳು."

ಜವರ ಬೊಗಳದೆ ಬಿಡುವವನಲ್ಲ. ಕೂಗಿದವನು ಕಳ್ಳ ಅಂತ ಗೊತ್ತಿದ್ದರೂ ಎದ್ದು ನಿಂತ. ಕತ್ತು ಎತ್ತಿ ಬಾಯಿ ತೆರೆದ. ಒಣಗಿದ ಗಂಟಲಿನಿಂದ ಬರೀ ಗಾಳಿ ಬಂತು, ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿ ಅಲ್ಲೇ ಕುಸಿದುಬಿದ್ದ. ಬೀಳುವಾಗಲೂ ಚೆಲ್ವಿಗೆ ಅಡ್ಡವಾಗಿಯೇ ಬಿದ್ದ. ಒಳಗೆ ಕೂಗು ನಿಂತಿತು. ನಾಯಿಯ ಗಂಟಲನ್ನು ತಾನೇ ಕೈಯಾರೆ ಒಣಗಿಸಿದವನಿಗೆ ಆ ಗಂಟಲಿನಿಂದಲೇ ಜೀವ ಉಳಿಯಬೇಕಾಗಿತ್ತು.

ಸಂಜೆಯ ಮಬ್ಬಿನಲ್ಲಿ ಮಾದಕ್ಕ ಬಂದು, ಎಂದಿನಂತೆ ಅತ್ತಿತ್ತ ನೋಡದೆ ಬುರುಡೆ ಇಳಿಸಲು ಗವಿಯೊಳಗೆ ಹೋದಳು. ಹೊಟ್ಟೆ ಉಬ್ಬಿಸಿಕೊಂಡು ಅಲ್ಲಾಡಲಾರದೆ ಬಿದ್ದಿದ್ದ ಹೆಬ್ಬಾವನ್ನು ನೋಡಿದಳು. ಅದರ ಹೊಟ್ಟೆಯಲ್ಲಿರುವುದು ಮರಿಯೇ ಅಂದುಕೊಂಡಳು. ಹೊರಗೆ ಓಡಿ ಬಂದು ಚೆಲ್ವಿಯನ್ನು ಎತ್ತಿಕೊಂಡು ತಡವಿ ನೋಡಿದಳು. ಆಮೇಲೆ ಹಾವಿನ ಬಾಲ ಹಿಡಿದು ಎಳೆದುಕೊಂಡು ಹೋಗಿ ಹೊಳೆಯ ಮಡುವಿಗೆ ತಳ್ಳಿದಳು. ನಡೆದದ್ದನ್ನು ಚೆಲ್ವಿ ಅಳುತ್ತಾ ಹೇಳಿದಳು. ಎಲ್ಲ ಕೇಳಿ ಮಾದಕ್ಕ ಜವರನ ಹತ್ತಿರ ಬಂದು ಬೆನ್ನ ಮೇಲೆ ಕೈ ಇಟ್ಟಳು.

ಕೈಗೆ ಮೂಳೆ ಸಿಕ್ಕಿತು. ಪಕ್ಕೆಯೆಲ್ಲ ಎಣಿಸುವ ಹಾಗಿತ್ತು. ಕಿವಿಯ ಒಳಗೆ ಉಣ್ಣಿಗಳು ಒತ್ತೊತ್ತಾಗಿ ಕೂತಿದ್ದವು. ಅವಳು ಬೋಗುಣಿಯಿಂದ ಒಂದು ಉಂಡೆ ತೆಗೆದು ಬಾಯಿಗಿಟ್ಟುಕೊಂಡಳು. ಇಷ್ಟು ದಿನದಲ್ಲಿ ಅದೇ ಮೊದಲು. ಉಪ್ಪು ನಾಲಿಗೆಯನ್ನು ಸುಟ್ಟಿತು. ಕೊಳೆತ ತೊಗಲಿನ ವಾಸನೆಗೆ ಅವಳಿಗೆ ವಾಂತಿಯೇ ಆಯಿತು.

"ಯಾಕೋ ಹೇಳಲಿಲ್ಲ ನನಗೆ?" ಅಂತ ಅತ್ತಳು.

ಜವರ ಮೆಲ್ಲಗೆ ಕಣ್ಣು ತೆರೆದ.

"ನೀನು ಕೂತಾಗ ಹೇಳೋಣ ಅಂತಿದ್ದೆ," ಅಂದ. "ನೀನು ಕೂರಲೇ ಇಲ್ಲ."

ಮಾದಕ್ಕ ಎದ್ದಳು. ಮೂಲೆಯಿಂದ ಗಡಿಗೆ ತಂದು, ಕಣಜದ ಗೂಡು ಕೆರೆದು ಹಾಕಿ, ತೊಳೆದು ಒಲೆಯ ಮೇಲಿಟ್ಟಳು. ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿದಳು. ಬೆಂದದ್ದನ್ನು ಬಾಯಿಗಿಟ್ಟು ನೋಡಿ, ಆರಿಸಿ, ಅವನ ಮುಂದೆ ತಂದಿಟ್ಟು ಪಕ್ಕದಲ್ಲಿ ಕೂತಳು. ಜವರ ಗಡಿಗೆಯ ಬಾಯಿಗೆ ಮೂಗು ತಂದ.

"ಏನು ಬೇಯಿಸಿದ್ದೀಯ?" ಅಂತ ಕೇಳಿದ.

ದೂರದ ಪೊದೆಯಲ್ಲಿದ್ದ ಹಾವಿನ ವಾಸನೆ ಹಿಡಿಯುತ್ತಿದ್ದವನು ಇವನು. ಮಾದಕ್ಕ ಹೇಳಿದಳು. ಬಿದಿರಕ್ಕಿ ಅಂದಳು, ಕುಂಬಳಕಾಯಿ ಅಂದಳು, ಹೊಳೆಮೀನು ಅಂದಳು, ಇವತ್ತು ಮೊಟ್ಟೆಯೂ ಇದೆ ಅಂದಳು. ಅವನು ಕೇಳುತ್ತಾ ಬಾಲ ಅಲ್ಲಾಡಿಸಿದ. ಅವಳ ಮನಸ್ಸಿಗೆ ನೋವಾಗಬಾರದು ಅಂತ ಒಂದು ಸಲ ನೆಕ್ಕಿದ. ನುಂಗಲು ಆಗಲಿಲ್ಲ. ಅವಳ ಕೈಯ ಮೇಲೆ ತಲೆ ಇಟ್ಟ.

ಆಮೇಲಿನ ದಿನಗಳಲ್ಲಿ ಮಾದಕ್ಕ ಗವಿ ಬಿಟ್ಟು ಎಲ್ಲೂ ಹೋಗಲಿಲ್ಲ. ದಿನಾ ಬೇಯಿಸಿದಳು, ದಿನಾ ಪಕ್ಕದಲ್ಲಿ ಕೂತಳು. ಗಂಜಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿದಳು. ಕೆಟ್ಟದ್ದು ಒಳಗೆ ಬಹಳ ಆಳಕ್ಕೆ ಇಳಿದಿತ್ತು. ಒಂದು ಬೆಳಗ್ಗೆ ಅವಳು ಬೆನ್ನು ಸವರುತ್ತಿರುವಾಗಲೇ ಜವರ ಹೋದ. ಗಡಿಗೆಯಲ್ಲಿ ಅನ್ನ ಹಾಗೇ ಇತ್ತು.

ಮಧ್ಯಾಹ್ನ ಆನೆಗಳು ಜೇನು ಕೇಳಿಕೊಂಡು ಬಂದವು. ಇವತ್ತು ಆಗೋದಿಲ್ಲ, ನಾಯಿ ತೀರಿಕೊಂಡಿದೆ ಅಂತ ಮಾದಕ್ಕ ಹೇಳಿದಳು. ಪರವಾಗಿಲ್ಲ, ಬಿಡುವಾದಾಗ ಕೊಡು ಅಂದು ಆನೆಗಳು ಹಿಂದಿರುಗಿದವು. ಕಡವೆಗಳೂ ಹಾಗೇ ಅಂದವು. ಯಾರೂ ಬೈಯಲಿಲ್ಲ. ಯಾರ ಮನೆಯ ಮದುವೆಯೂ ನಿಲ್ಲಲಿಲ್ಲ. ಜೇನು ಬಂಡೆಯ ಮೇಲೆ ಇದ್ದಲ್ಲೇ ಇತ್ತು. ಹೊತ್ತಿಲ್ಲ, ಹೊತ್ತಿಲ್ಲ ಅಂತ ಓಡಿದ ಅಷ್ಟೂ ದಿನ ತಾನು ಕೇಳಿದ್ದರೆ ಇವರೆಲ್ಲ ಹೀಗೇ ಕಾಯುತ್ತಿದ್ದರು, ಕೇಳಲಿಲ್ಲ ಅಷ್ಟೇ ಅಂತ ಮಾದಕ್ಕನಿಗೆ ಆಗ ತಿಳಿಯಿತು. ಅವಳು ಆರಿದ ಒಲೆಯ ಪಕ್ಕ, ಅವನು ಕೂತು ಕಾಯುತ್ತಿದ್ದ ಜಾಗದಲ್ಲಿ, ಕತ್ತಲಾಗುವ ತನಕ ಕೂತಿದ್ದಳು.

ನೀತಿ: ಸಾಕಿದ ನಾಯಿಗೆ ಒಳ್ಳೆಯದನ್ನು ಬೇಯಿಸಿ ಹಾಕಲು, ಅದು ಉಣ್ಣುವಾಗ ಪಕ್ಕದಲ್ಲಿ ಕೂರಲು, ಅದು ಬದುಕಿರುವಾಗಲೇ ಬಿಡುವು ಮಾಡಿಕೊಳ್ಳಬೇಕು, ಇನ್ನೊಬ್ಬರ ಕಾವಲನ್ನು ಕೆಡಿಸಿದವನಿಗೆ ತನ್ನ ಆಪತ್ತಿನಲ್ಲಿ ಕಾಯುವವರು ಇರುವುದಿಲ್ಲ.