ನೀಲವ್ವನ ಹೆಪ್ಪು

ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲು ಸೇರಿದರೂ ನೀಲವ್ವನೆಂಬ ಮುದುಕಿ ಮಾತ್ರ ಮನೆ ಬಿಡಲಿಲ್ಲ. ಕೊನೆಗೆ ಅವಳನ್ನು ಎಬ್ಬಿಸಿದ್ದು ಏನು? ಊಹಿಸಿ ನೋಡೋಣ. ಪೊಲೀಸರ ಲಾಠಿಯೆ? ಅಲ್ಲ. ಸತ್ತು ಬಿದ್ದ ಇಲಿಯೆ? ಅದೂ ಅಲ್ಲ ಸ್ವಾಮಿ! ನಿಮ್ಮಿಂದ ಆಗಲಿಕ್ಕಿಲ್ಲ, ನಾನೇ ಹೇಳಿಬಿಡುತ್ತೇನೆ.

ಅವಳ ಮಗ ಮುರಿಗೆಪ್ಪ ಹೊಳೆದಂಡೆಯ ಮಠದಲ್ಲಿ ಶಿಷ್ಯ. ತಾಯಿಯನ್ನು ಅತ್ತು ಕರೆದು ಸೋತು, ಗುರುಗಳ ಮುಂದೆ ಬಂದು ಕುಸಿದು ಕೂತ.

“ಬರಾಕ ಒಲ್ಲಳ್ರೀ ಅಜ್ಜಾರ. ಪಕ್ಕದ ಮನ್ಯಾಗ ನಿನ್ನೆ ಇಲಿ ಬಿದ್ದೈತಿ.”

“ಏನಂತಾಳ?”

“ನಾಳೆ ಯಾರು ಕಂಡಾರು, ಹಣ್ಯಾಗ ಬರದಂಗ ಆಗತೈತಿ ಅಂತಾಳ.”

“ನೀ ಏನಂದಿ?”

“ಇಲ್ಲೇ ಇದ್ದರ ಸಾಯತಿ ಅಂದೆ.”

“ಎಪ್ಪತ್ತು ವರ್ಷದಾಕಿಗೆ ಅದೇನು ಹೊಸ ಸುದ್ದೇನಪಾ?” ಎಂದವರೇ ಗುರುಗಳು ಕೋಲು ಹಿಡಿದು ಹೊರಟುಬಿಟ್ಟರು. ಮುರಿಗೆಪ್ಪ ಹಿಂದೆಯೇ ಓಡಿದ.

ನೀಲವ್ವ ಕಟ್ಟೆಯ ಮೇಲೆ ಕೂತಿದ್ದಳು.

“ಹಸಿವಾಗೈತಿ ತಾಯಿ. ಒಂದೀಟು ಮೊಸರು ಹಾಕು.”

ಹಾಕಿದಳು. ಗುರುಗಳು ಸೊರ್ರನೆ ಕುಡಿದು ಮುಗಿಸಿದರು. “ಇನ್ನೀಟು.” ಮತ್ತೆ ಹಾಕಿದಳು. “ಇನ್ನೀಟು.” ಊಟದ ವಿಷಯದಲ್ಲಿ ಅವರು ಸಂಕೋಚದವರಲ್ಲ, ಬಿಡಿ.

ಮುದುಕಿ ಗಡಿಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಸಾಕ್ರೀ ಅಜ್ಜಾರ. ತಳದಾಗಿಂದು ಕೊಡೂದಿಲ್ಲ.”

“ಯಾಕ?”

“ಹೆಪ್ಪಿಗೆ ಬ್ಯಾಡೇನ್ರಿ? ಹಾಲು ಕಾಸಿಟ್ಟೀನಿ. ಹೆಪ್ಪು ಹಾಕದಿದ್ದರ ನಾಳಿಗೆ ಮೊಸರು ಎಲ್ಲಿಂದ ಬರಬೇಕು?”

“ನಾಳೆ ಉಣ್ಣಾವರು ಯಾರು?”

“ನಾನೇ, ಇನ್ಯಾರು...”

ತನ್ನ ಮಾತು ತನಗೇ ಕೇಳಿಸಿದಂತೆ ನೀಲವ್ವ ಗಡಿಗೆಯತ್ತ ನೋಡಿದಳು. ಗುರುಗಳು ಬಟ್ಟಲಿನ ಅಂಚಿಗೆ ಹತ್ತಿದ್ದ ಮೊಸರನ್ನು ಬೆರಳಲ್ಲಿ ಬಳಿಯುತ್ತಾ ಕೂತರು.

ಮುದುಕಿಗೆ ನಗು ತಡೆಯಲಾಗಲಿಲ್ಲ. “ಮಠದಾಗ ಕುಂತು ಇದನ್ನ ಕಲತೀರೇನು? ಏ ಮುರಿಗ್ಯಾ, ಎಮ್ಮಿ ಬಿಚ್ಚು. ಗಡಿಗಿ ನಾ ಹಿಡಕೋತೀನಿ.”

ಎದ್ದಳು. ಹೊಸ್ತಿಲ ಹತ್ತಿರ ಬಂದವಳು ಗಕ್ಕನೆ ನಿಂತಳು.

“ಅಯ್ಯ ಶಿವನ! ಇವತ್ತು ಮಂಗಳವಾರ. ಮನೀ ಬಿಟ್ಟು ಹೊಂಡಬಾರದು. ಅಜ್ಜಾರ, ಪಂಚಾಂಗ ತಗದು ಒಂದು ಚಲೋ ದಿನ ನೋಡಿ ಹೇಳ್ರಿ, ಅವತ್ತು ಬರತೀನಿ.”

ಮುರಿಗೆಪ್ಪ ತಿರುಗಿ ಪಕ್ಕದ ಮನೆಯ ಕಡೆ ನೋಡಿದ.

ಗುರುಗಳು ಅವನ ಕೈಯಿಂದ ಎಮ್ಮೆಯ ಹಗ್ಗ ತೆಗೆದುಕೊಂಡು ತಾವೇ ಮುಂದಾಗಿ ಬೀದಿಗಿಳಿದರು.

“ನೋಡೇ ಬಂದೀನಿ ತಾಯಿ. ವರ್ಷದಾಗ ಇದಕ್ಕಿಂತ ಚಲೋ ದಿನ ಇಲ್ಲ: ಇವತ್ತು, ಕಾರ್ತಿಕ ಬಹುಳ ಚೌತಿ, ಮಂಗಳವಾರ.”