ವಸ್ತ್ರದ ಮರೆಯಲ್ಲಿ ಎರಡು ಕೈ

ಪರಮಪೂಜ್ಯ ಶ್ರೀ ಅಡವಯ್ಯಜ್ಜನವರಿಗೆ ಮಠವೂ ಇರಲಿಲ್ಲ, ಗದ್ದುಗೆಯೂ ಇರಲಿಲ್ಲ. ಕೃಷ್ಣೆಯ ದಡದ ಹಿರೇಮಾಳಗಿಯಲ್ಲಿ ಸೋಮವಾರಕ್ಕೊಮ್ಮೆ ದನದ ಸಂತೆ ಕೂಡುತ್ತಿತ್ತು. ಆ ಬಯಲಿನ ಅಂಚಿಗೆ ಒಂದು ಸೇದುವ ಬಾವಿ, ಬಾವಿಯ ಪಕ್ಕಕ್ಕೆ ಕಲ್ಲಿನ ಬಾನಿ, ಬಾನಿಗೆ ನೆರಳಾಗಿ ಒಂದು ಬೇವಿನ ಮರ. ಅದೇ ಅವರ ಸ್ಥಾನ. ಸಂತೆಯ ದಿನ ಹೊತ್ತು ಹುಟ್ಟುವ ಮೊದಲೇ ನೀರು ಸೇದಲು ನಿಂತರೆ ಕೊನೆಯ ದನ ಬಯಲು ಬಿಡುವವರೆಗೂ ಬಾನಿ ಬರಿದಾಗಲು ಬಿಡುತ್ತಿರಲಿಲ್ಲ. ಭಕ್ತರು ಹಗ್ಗಕ್ಕೆ ಕೈ ಹಾಕಿದರೆ ಬೇಡವೆನ್ನುತ್ತಿರಲಿಲ್ಲ, ಬಿಟ್ಟು ಹೋದರೆ ಕರೆಯುತ್ತಲೂ ಇರಲಿಲ್ಲ. ಉಪದೇಶವೆಂದು ಕುಳಿತು ಮಾತನಾಡಿದ್ದನ್ನು ಕಂಡವರಿಲ್ಲ.

ಅದೇ ಸಂತೆಯಲ್ಲಿ ಕಲ್ಲನಗೌಡನೆಂಬ ದಲಾಲಿ ಇದ್ದ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕಸುಬು. ಆ ಕಡೆಯ ಸಂತೆಗಳಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಕೈಮೇಲೆ ಹರವಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆ ಕೇಳುತ್ತಾರೆ. ಹಿಡಿದ ಬೆರಳೆಷ್ಟು ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ವಸ್ತ್ರ, ಇಬ್ಬರ ಮುಖ, ಅಷ್ಟೇ. ಕಲ್ಲನಗೌಡನ ಬದುಕೆಲ್ಲ ಆ ಮುಖಗಳನ್ನು ಓದುವುದರಲ್ಲೇ ಕಳೆದಿತ್ತು.

ಎತ್ತನ್ನು ನೋಡಿ ಎತ್ತು ಕೊಳ್ಳುವವನು ಈ ಲೋಕದಲ್ಲಿ ಹುಟ್ಟಿಲ್ಲ, ಪಕ್ಕದವನ ಮುಖ ನೋಡಿಯೇ ಎಲ್ಲರೂ ಕೊಳ್ಳುವುದು ಎಂದು ಅವನು ಹೇಳುತ್ತಿದ್ದ. ಅದು ಬರೀ ಮಾತಾಗಿರಲಿಲ್ಲ. ಯಾರೂ ಕೇಳದ ದನದ ಮುಂದೆ ತನ್ನವರೇ ಇಬ್ಬರನ್ನು ನಿಲ್ಲಿಸಿ ವಸ್ತ್ರದ ಮರೆಯಲ್ಲಿ ಸುಮ್ಮನೆ ಬೆರಳಾಡಿಸಲು ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಅಲ್ಲಿ ಹತ್ತು ಜನ ಕೂಡುತ್ತಿದ್ದರು. ನಾಡಗೌಡರ ಮನೆಯವರು ಇದನ್ನೇ ನೋಡಿ ಹೋದರು ಎಂದು ಗಾಳಿಗೆ ಒಂದು ಮಾತು ತೂರಿದರೆ ಇಪ್ಪತ್ತು ಜನ. ಅಜ್ಜನವರ ಬಗ್ಗೆಯೂ ಅವನಿಗೆ ಇದೇ ಲೆಕ್ಕ. ಒಬ್ಬ ಕಾಲಿಗೆ ಬಿದ್ದ, ಅವನನ್ನು ನೋಡಿ ಇನ್ನೊಬ್ಬ ಬಿದ್ದ, ಹತ್ತು ಮಂದಿ ಹೋದದ್ದೇ ದಾರಿ. ತಾನೂ ಹೋಗುತ್ತ ಬರುತ್ತ ಕೈ ಮುಗಿಯುತ್ತಿದ್ದ. ಮುಗಿಯದಿದ್ದರೆ ಗಿರಾಕಿಗಳು ಏನಂದುಕೊಂಡಾರು?

ಊರಿಗೆ ಕರೆಂಟು ಬಂದು ಎಣ್ಣೆಯ ಮಿಲ್ಲು ಕೂತ ವರ್ಷ ಅದು. ಒಂದು ಸೋಮವಾರ ಗಾಣಿಗೇರ ದುಂಡಪ್ಪ ತನ್ನ ಎತ್ತನ್ನು ಹಿಡಿದು ಮೂರನೆಯ ಸಲ ಕಲ್ಲನಗೌಡನ ಮುಂದೆ ನಿಂತ. ಅವನ ಗಾಣ ನಿಂತುಹೋಗಿತ್ತು. ಎಣ್ಣೆ ಕೆಟ್ಟಿತ್ತೆಂದಲ್ಲ. ಮೇಲಿನ ಓಣಿಯವರು ಮಿಲ್ಲಿನ ಎಣ್ಣೆ ತಂದರೆಂದು ಕೆಳಗಿನ ಓಣಿಯವರೂ ತಂದರು, ತಿಂಗಳೊಪ್ಪತ್ತಿನಲ್ಲಿ ಗಾಣದ ಎಣ್ಣೆ ಕೇಳುವವರು ಯಾರೂ ಉಳಿಯಲಿಲ್ಲ. ದುಂಡಪ್ಪನಿಗೆ ಪರವೂರಿನ ಒಂದು ಗಿರಣಿಯಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ಮರುದಿನವೇ ಹೋಗಿ ಸೇರಬೇಕು. ಅಲ್ಲಿ ಗಂಡಹೆಂಡಿರಿಗೆ ಒಂದು ಖೋಲಿ, ಎತ್ತು ಕಟ್ಟಲು ಜಾಗವಿಲ್ಲ. ಹಿಂಡಿ ತಿಂದು ಬೆಳೆದ ಎತ್ತು, ಮೈಮೇಲೆ ನೊಣ ಕೂತರೆ ಜಾರಬೇಕು, ಹಾಗಿತ್ತು. ಯಾರಾದರೂ ಒಳ್ಳೆಯ ಮನೆಯವರು ಕೊಂಡರೆ ಸಾಕು, ಬೆಲೆ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ ಎಂದು ದುಂಡಪ್ಪ ಹೇಳಿಕೊಂಡ.

ಆದರೆ ಎತ್ತಿಗೆ ಒಂದು ಸುಳಿಯಿತ್ತು. ಬೆನ್ನಿನ ಮೇಲೆ, ಇಣಿ ಎನ್ನುವ ಡುಬ್ಬದ ಹಿಂದೆ, ಕೂದಲು ಅಡ್ಡಕ್ಕೆ ತಿರುಗಿ ನಿಂತಿತ್ತು. ಅಂಥ ಸುಳಿಯ ಎತ್ತು ಮನೆಗೆ ಬಂದರೆ ಯಜಮಾನ ವರ್ಷ ತುಂಬುವುದರೊಳಗೆ ಹೋಗುತ್ತಾನೆಂದು ಆ ಸೀಮೆಯ ನಂಬಿಕೆ. ಗಾಣಿಗರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ದುಂಡಪ್ಪ ಎಂಟು ವರ್ಷ ಅದರ ಹಿಂದೆಯೇ ತಿರುಗಿ ಗಟ್ಟಿಯಾಗಿಯೇ ಇದ್ದ. ಹಾಗೆಂದರೆ ಸಂತೆಯವರು ಕೇಳುತ್ತಾರೆಯೆ? ಹಿಂದಿನ ಎರಡು ಸೋಮವಾರವೂ, ಈ ದಿನ ಬೆಳಿಗ್ಗೆಯೂ ಕೊಳ್ಳುವವರು ಬಂದಿದ್ದರು, ಹಲ್ಲು ನೋಡಿದ್ದರು, ಗೊರಸು ನೋಡಿ ಮೆಚ್ಚಿದ್ದರು. ಅಷ್ಟರಲ್ಲಿ ಪಕ್ಕದವನೊಬ್ಬ ಸುಳಿ ನೋಡಿದೆಯಾ ಎನ್ನಬೇಕು, ಕೈ ಹಿಂದಕ್ಕೆ ಹೋಗಬೇಕು.

ಕಲ್ಲನಗೌಡ ಬೆನ್ನಿನ ಮೇಲೆ ಒಂದು ಝೂಲಿನ ಬಟ್ಟೆ ಹೊದಿಸಿ ಸುಳಿ ಮುಚ್ಚಿಬಿಡು ಎಂದ. ದುಂಡಪ್ಪ ಒಪ್ಪಲಿಲ್ಲ.

"ಕೊಂಡಾಂವ ಮನೀಗೆ ಹ್ವಾದ ಮ್ಯಾಲ ನೋಡಿದ್ರ ಎತ್ತಿನ ಗತಿ ಏನ್ರಿ ಗೌಡ್ರ? ನೋಡಿ ಕೊಂಡವ್ರ ಮನ್ಯಾಗ ಇದು ಬದುಕತೈತಿ."

ಇಂಥ ಹುಚ್ಚನೂ ಇದ್ದಾನೆಯೇ ಎಂದುಕೊಂಡು ಕಲ್ಲನಗೌಡ ಬೇರೆ ಗಿರಾಕಿಗಳ ಕಡೆಗೆ ನಡೆದ. ಹೊತ್ತು ಇಳಿಯುತ್ತ ಬಂತು. ಬಯಲಿನ ಆಚೆ ಕಸಾಯಿಖಾನೆಗೆ ದನ ತುಂಬುವ ಲಾರಿ ನಿಂತಿತ್ತು. ಆ ಲಾರಿಯ ಗಿರಾಕಿ ಯಾವ ಸುಳಿಯನ್ನೂ ನೋಡುವವನಲ್ಲ. ಅವನು ಬಂದು ವಸ್ತ್ರದ ಮರೆಯಲ್ಲಿ ಕಲ್ಲನಗೌಡನ ಬೆರಳು ಹಿಡಿದು ಹೋದ. ಇನ್ನು ಬೇರೆ ದಾರಿಯಿಲ್ಲ, ಸಂಜೆಯೊಳಗೆ ಮುಗಿಸೋಣ ಎಂದು ಕಲ್ಲನಗೌಡ ಹೇಳಿದ. ದುಂಡಪ್ಪ ಎತ್ತಿನ ಹಗ್ಗ ಬಿಚ್ಚಿದ. ನೀರು ಕುಡಿಸಿ ತರುತ್ತೇನೆಂದು ಎತ್ತನ್ನು ಬಾನಿಯ ಕಡೆಗೆ ಹೊಡೆದುಕೊಂಡು ಹೋದ.

ಎತ್ತು ಬಾನಿಗೆ ಬಾಯಿ ಹಾಕಿತು. ದುಂಡಪ್ಪ ಬೇವಿನ ಬೊಡ್ಡೆಗೆ ಕುಳಿತು ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಜ್ಜನವರು ಅದನ್ನು ಕಂಡರು. ಕೊಡವನ್ನು ಬಾವಿಯ ದಂಡೆಯ ಮೇಲಿಟ್ಟು ಬಂದು ಅವನ ಪಕ್ಕದಲ್ಲಿ ಕುಳಿತರು. ಏನಾಯಿತೆಂದು ಕೇಳಲಿಲ್ಲ. ಅವನ ಬಲಗೈಯನ್ನು ತಮ್ಮ ಒದ್ದೆ ಕೈಯಲ್ಲಿ ತೆಗೆದುಕೊಂಡರು. ಮುಖದ ಮೇಲಿನ ವಸ್ತ್ರ ಜಾರಿ ಇಬ್ಬರ ಕೈಗಳ ಮೇಲೆ ಬಿತ್ತು. ಹಾಗೆಯೇ ಬಹಳ ಹೊತ್ತು ಕುಳಿತರು.

ಸಂತೆ ಅದನ್ನು ದೂರದಿಂದ ನೋಡಿತು. ವಸ್ತ್ರ, ವಸ್ತ್ರದ ಕೆಳಗೆ ಎರಡು ಕೈ, ಪಕ್ಕದಲ್ಲಿ ಒಂದು ಎತ್ತು. ಸಂತೆಯ ಕಣ್ಣಿಗೆ ಇದಕ್ಕೆ ಒಂದೇ ಅರ್ಥ. ಅಜ್ಜನವರು ಎತ್ತಿಗೆ ಬೆಲೆ ಕಟ್ಟುತ್ತಿದ್ದಾರೆ! ಕೈಯಲ್ಲಿ ಕಾಸು ಹಿಡಿಯದವರು, ಹುಲ್ಲುಕಡ್ಡಿಯನ್ನೂ ತಮ್ಮದೆನ್ನದವರು ಈ ಎತ್ತನ್ನು ಬಯಸಿದರೆಂದರೆ ಇದರಲ್ಲಿ ಏನೋ ಇರಲೇಬೇಕು. ಸುದ್ದಿ ಬಯಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಅಜ್ಜನವರು ಎದ್ದು ಬಾವಿಗೆ ಮರಳಿದ್ದರು, ದುಂಡಪ್ಪನ ಸುತ್ತ ಜನ ನೆರೆದಿತ್ತು. ಬೆಳಿಗ್ಗೆ ಸುಳಿ ತೋರಿಸಿ ಗಿರಾಕಿಯನ್ನು ಓಡಿಸಿದವನೇ ಈಗ ಬೆನ್ನು ಸವರಿ, ಇದು ಆ ಸುಳಿಯಲ್ಲ, ಇದು ಬಸವಣ್ಣನ ಸುಳಿ, ಲಕ್ಷಕ್ಕೊಂದಕ್ಕೆ ಬರುತ್ತದೆ ಎಂದು ವಿವರಿಸತೊಡಗಿದ. ಕೇಳಿದವರು ತಲೆಯಾಡಿಸಿದರು.

ಕಲ್ಲನಗೌಡ ಓಡಿ ಬಂದ. ಅವನ ಕೈಗೆ ಕೈ ಬಂದು ಬೀಳತೊಡಗಿತು. ಒಬ್ಬನ ಬೆರಳು ಬಿಡಿಸಿಕೊಳ್ಳುವುದರೊಳಗೆ ಇನ್ನೊಬ್ಬನ ಬೆರಳು. ಬೆಲೆ ಏರಿತು, ಇನ್ನೂ ಏರಿತು. ಕೊನೆಗೆ ಹೊಳೆಯಾಚೆಯ ಪರ್ವತಗೌಡನೆಂಬ ದೊಡ್ಡ ರೈತ ಎಲ್ಲರನ್ನೂ ಹಿಂದಕ್ಕೆ ಹಾಕಿದ. ಮುಗಿಸುವ ಮೊದಲು ಕಲ್ಲನಗೌಡ ದುಂಡಪ್ಪನನ್ನು ಪಕ್ಕಕ್ಕೆ ಕರೆದು ಅಜ್ಜನವರು ಎಷ್ಟಕ್ಕೆ ಕೇಳಿದ್ದರೆಂದು ಪಿಸುಗುಟ್ಟಿದ.

"ಏನೂ ಕೇಳಿಲ್ರಿ. ಕೈ ಹಿಡಕೊಂಡು ಕುಂತಿದ್ರು, ಅಷ್ಟ."

ಕಲ್ಲನಗೌಡನಿಗೆ ನಗು ಬಂತು. ಇಷ್ಟು ವರ್ಷ ತಾನು ಆಳು ನಿಲ್ಲಿಸಿ ಮಾಡಿದ ಕೆಲಸ ಇಂದು ತಾನಾಗಿಯೇ ಆಗಿತ್ತು. ಬಾಯಿ ಮುಚ್ಚಿಕೊಂಡಿರು, ನಿನ್ನ ಎತ್ತು ಬದುಕಿತು ಎಂದು ದುಂಡಪ್ಪನ ಬೆನ್ನು ತಟ್ಟಿದ. ಆದರೆ ಪರ್ವತಗೌಡ ಭಕ್ತಿವಂತ. ಅಜ್ಜನವರು ಬಯಸಿದ್ದನ್ನು ಅವರ ಅಪ್ಪಣೆಯಿಲ್ಲದೆ ಒಯ್ಯಬಾರದೆಂದು ನೇರ ಬಾವಿಗೆ ಹೋಗಿ ಕೈಮುಗಿದು ನಿಂತ. ತಮಗೆ ಬೇಕಾದ ಎತ್ತನ್ನು ತಾನು ಕೊಳ್ಳಬಹುದೇ ಎಂದು ಕೇಳಿದ.

ಕಲ್ಲನಗೌಡ ಅವನ ಹಿಂದೆಯೇ ಓಡಿ ಬಂದಿದ್ದ. ಹೂಂ ಎಂದರೆ ಸಾಕು, ಸುಮ್ಮನೆ ನಕ್ಕರೂ ಸಾಕು ಎಂದು ಅವನು ಅಜ್ಜನವರ ಮುಖವನ್ನೇ ನೋಡಿದ.

"ನಾ ಎತ್ತಿಗೆ ಬೆಲೆ ಕಟ್ಟಿಲ್ಲಪ್ಪ," ಎಂದರು ಅಜ್ಜನವರು. "ಅಂವ ಅಳಾಕತ್ತಿದ್ದ. ಕೈ ಹಿಡಕೊಂಡಿದ್ದೆ."

ಪರ್ವತಗೌಡ ನಮಸ್ಕಾರ ಮಾಡಿ ಹಿಂದೆ ಸರಿದ. ಅವನು ಸರಿದದ್ದನ್ನು ನೋಡಿ ಅವನ ಹಿಂದಿನವನು ಸರಿದ. ಬಸವಣ್ಣನ ಸುಳಿ ಎಂದವನಿಗೆ ಎಲ್ಲೋ ಕೆಲಸ ನೆನಪಾಯಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಅಲ್ಲಿ ದುಂಡಪ್ಪ, ಎತ್ತು, ಕಲ್ಲನಗೌಡ ಮೂವರೇ ಉಳಿದರು. ಲಾರಿಯವನು ದೂರದಿಂದ ಕೈ ಬೀಸಿ ಕರೆಯುತ್ತಿದ್ದ.

ಕಲ್ಲನಗೌಡನಿಗೆ ಸಿಟ್ಟು ನೆತ್ತಿಗೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಿಟ್ಟು ಒಂದು ಕಡೆ. ಆದರೆ ಅದಕ್ಕಿಂತ ಹೆಚ್ಚಿನದೂ ಏನೋ ಇತ್ತು. ದುಂಡಪ್ಪನ ಮುಖ ನೋಡಲು ಅವನಿಂದ ಆಗಲಿಲ್ಲ. ಬಾವಿಯ ದಂಡೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ, ಕೈಮುಗಿಯದೆ ನಿಂತ.

"ಅಜ್ಜಾರ, ಸುಮ್ಮನಿದ್ರ ಸಾಕಿತ್ತು. ಸತ್ಯ ನಿಮ್ಮದಾತು, ಸಾವು ಎತ್ತಿನ ಪಾಲಿಗೆ ಬಂತು."

ಅಜ್ಜನವರು ಮೇಲೆ ಬಂದ ಕೊಡವನ್ನು ಬಾನಿಗೆ ಸುರಿದರು. ಆ ಮಾತಿನಿಂದ ಅವರಿಗೆ ನೋವಾಗಲಿಲ್ಲವೆಂದು ಹೇಳಲಾರೆವು, ಹಗ್ಗ ಹಿಡಿದ ಕೈ ಅರೆಕ್ಷಣ ನಿಂತಿತ್ತೆಂದು ಕಲ್ಲನಗೌಡನೇ ಮುಂದೆ ಹೇಳಿದ್ದಾನೆ.

"ನನ್ನ ಮಾತಿಗೆ ಕೊಂಡಾಂವ, ನಾಳೆ ಇನ್ನೊಬ್ಬನ ಮಾತಿಗೆ ಹೊರಗ ಹಾಕತಾನ, ಗೌಡ," ಎಂದರು. "ಮುಂಜಾನಿಂದ ಎಲ್ಲಾರೂ ಸುಳಿ ನೋಡಿದ್ರು, ಆಮ್ಯಾಲ ನನ್ನ ಮಾರಿ ನೋಡಿದ್ರು. ಎತ್ತು ಯಾರು ನೋಡ್ಯಾರ? ನೀ ನೋಡೀಯೇನು?"

ಮತ್ತೆ ಕೊಡವನ್ನು ಬಾವಿಗೆ ಬಿಟ್ಟರು.

ಕಲ್ಲನಗೌಡ ಎತ್ತಿನ ಕಡೆಗೆ ತಿರುಗಿದ. ಮೂರು ಸೋಮವಾರ ಈ ಎತ್ತಿನ ಪಕ್ಕದಲ್ಲಿ ನಿಂತವನು ಅವನು. ಆದರೆ ಅದರ ಕಣ್ಣು ಹೇಗಿವೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಎತ್ತನ್ನು ನೋಡುವವರನ್ನು ನೋಡಿದ್ದ, ಎತ್ತನ್ನು ನೋಡಿರಲಿಲ್ಲ. ಹೋಗಿ ದುಂಡಪ್ಪನ ಕೈಯಿಂದ ಹಗ್ಗ ತೆಗೆದುಕೊಂಡ.

ಮೊದಲು ಮುಖ ನೋಡಿದ. ಗಾಣಕ್ಕೆ ಹೂಡಿದಾಗ ಬಟ್ಟೆ ಕಟ್ಟಿ ಕಟ್ಟಿ ಕಣ್ಣಿನ ಸುತ್ತ ಕೂದಲು ಸವೆದಿತ್ತು. ಕಣ್ಣು ಮಾತ್ರ ತಿಳಿಯಾಗಿದ್ದವು. ಗೊರಸು ನಾಲ್ಕೂ ಸಮ. ನೊಗ ಕೂತ ಕಡೆ ಚರ್ಮ ಗಟ್ಟಿಯಾಗಿತ್ತು, ಹುಣ್ಣಿನ ಕಲೆ ಒಂದೂ ಇರಲಿಲ್ಲ. ಮೈಮೇಲೆಲ್ಲೂ ಬಾರುಕೋಲಿನ ಗುರುತಿರಲಿಲ್ಲ. ಬೆನ್ನಿನ ಸುಳಿಯ ಮೇಲೆ ಅಂಗೈಯಿಟ್ಟ. ಕೈಗೆ ಹತ್ತಿದ್ದು ಕೂದಲು, ಅದರ ಕೆಳಗೆ ಬಿಸಿ. ನಡಿಗೆ ನೋಡೋಣವೆಂದು ಹಗ್ಗ ಸಡಿಲ ಬಿಟ್ಟ. ಎತ್ತು ನೆಟ್ಟಗೆ ಹೋಗಲಿಲ್ಲ. ಗಾಣದ ಅಳತೆಯಷ್ಟೇ ದೂರದಲ್ಲಿ ಅವನ ಸುತ್ತ ಒಂದು ಸುತ್ತು ಬಂದು, ಇನ್ನೊಂದು ಸುತ್ತು ಹೊರಟಿತು. ದೂರ ನಿಂತವರು ನಕ್ಕರು. ಕಲ್ಲನಗೌಡ ನಗಲಿಲ್ಲ. ಈ ಜೀವ ಹೀಗೆಯೇ ಕಣ್ಣು ಕಟ್ಟಿಸಿಕೊಂಡು ತಿರುಗಿ ಒಂದು ಮನೆಯನ್ನು ಸಾಕಿದೆಯೆಂದು ಅವನಿಗೆ ಅನ್ನಿಸಿತು.

ಲಾರಿಯವನು ಹತ್ತಿರ ಬಂದು ವಸ್ತ್ರ ಹರವಿ ಕೈ ಚಾಚಿದ. ಕಲ್ಲನಗೌಡ ಅವನ ಕೈಯನ್ನು ಬದಿಗೆ ಸರಿಸಿದ. ತನ್ನ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ದುಂಡಪ್ಪನ ಮುಂದೆ ಬರಿಗೈ ಚಾಚಿ, ಆ ಸಂತೆಯಲ್ಲಿ ಯಾರೂ ಎಂದೂ ಮಾಡದ ಕೆಲಸ ಮಾಡಿದ. ಬೆಲೆಯನ್ನು ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ನ್ಯಾಯವಾದ ಬೆಲೆ ಅದು.

ದುಂಡಪ್ಪ ಯಾರಿಗೆ ಎಂದು ಕೇಳಿದ. ನನಗೆ ಎಂದ ಕಲ್ಲನಗೌಡ.

"ಸುಳಿ ಐತ್ರಿ ಗೌಡ್ರ."

"ನೋಡೀನಿ."

ದುಂಡಪ್ಪ ಎರಡೂ ಕೈಯಿಂದ ಆ ಬರಿಗೈಯನ್ನು ಹಿಡಿದ. ಅಜ್ಜನವರು ಬಂದು ಎತ್ತಿನ ಹಣೆಯ ಮೇಲೆ ಕೈಯಿಟ್ಟರು. ಏನೂ ಹರಸಲಿಲ್ಲ, ಸುಳಿಯ ದೋಷ ಕಳೆಯಿತೆಂದು ಹೇಳಲಿಲ್ಲ. ಕಲ್ಲನಗೌಡ ಕಾಲಿಗೆ ಬಿದ್ದ. ಆಗ ಸುತ್ತಲೂ ಯಾರಿದ್ದಾರೆ, ಯಾರು ನೋಡುತ್ತಿದ್ದಾರೆ ಎಂಬುದು ಅವನ ಮನಸ್ಸಿಗೆ ಬರಲೇ ಇಲ್ಲ.

ದಲಾಲಿಯ ಮನೆಯಲ್ಲಿ ದನ ಕಟ್ಟಬಾರದೆಂದು ತಾನೇ ಹೇಳುತ್ತಿದ್ದ ಗಂಡ ಎತ್ತು ಹೊಡೆದುಕೊಂಡು ಬಂದದ್ದನ್ನು ಕಂಡು ಹೆಂಡತಿ ನಿಂಬೆವ್ವ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಮೊದಲು ಹೋದದ್ದು ಬೆನ್ನಿನ ಮೇಲಕ್ಕೆ. ಅವಳೂ ಆ ಸೀಮೆಯವಳೇ, ಕುಂಕುಮ ಇಟ್ಟವಳು.

"ಯಾರ ಮಾತು ಕೇಳಿ ಇದನ್ನ ತಂದ್ರಿ? ಅಜ್ಜಾರು ಹೇಳಿದ್ರೇನು?"

ಹೌದು ಎಂದಿದ್ದರೆ ಅವಳ ಭಯ ಆ ಕ್ಷಣವೇ ಹೋಗುತ್ತಿತ್ತು. ಅದು ಕಲ್ಲನಗೌಡನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹೆಂಡತಿಯನ್ನು ನೋಡಿದ, ಎತ್ತನ್ನು ನೋಡಿದ.

"ಇಲ್ಲ. ಅಜ್ಜಾರು ಹೇಳಿಲ್ಲ, ಯಾರೂ ಹೇಳಿಲ್ಲ. ನಾನ ನೋಡಿ ತಂದೀನಿ. ನೀನೂ ಬಂದು ನೋಡು."

ನಿಂಬೆವ್ವ ಇನ್ನೊಮ್ಮೆ ಸುಳಿಯ ಕಡೆ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಂದು, ಎತ್ತಿನ ಮುಖದ ಮುಂದೆ ನಿಂತು, ಕೂದಲು ಸವೆದ ಆ ಕಣ್ಣುಗಳನ್ನು ನೋಡಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಮನೆ ತುಂಬಿಸಿಕೊಳ್ಳುವಂತೆ, ಅದರ ಕಾಲಿಗೆ ಹಾಕಿದಳು.